'ನಾಟ್ ಹಾಫ್ ಬ್ಯಾಡ್' ಅಂದ್ರೆ ಮಾಲು ಚಲೋನಾ, ಕೆಟ್ಟಿದೆಯಾ?

ಉದ್ಯಮಬಾಗ್ ಹುಡುಗ
ಎಲ್ಲರಿಗೂ ನಮಸ್ಕಾರ. ನಾನು ಬೆಳಗಾವಿ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ) ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ. ಡ್ರಾಯಿಂಗ್ ಓದಲು, ರಿಪೋರ್ಟ್ ಬರೆಯಲು ಬೇಕಾದಷ್ಟು ಇಂಗ್ಲಿಷ್ ಬರುತ್ತದೆ. ಆಡುಮಾತಿನ ಇಂಗ್ಲಿಷ್ ಎದುರಿಗೆ ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ.

ಹೋದ ವಾರದ ಕಥೆ ಕೇಳಿ. ಇಂಗ್ಲೆಂಡಿನ ಒಬ್ಬ ಗಿರಾಕಿಗೆ ಪಂಪ್ ಹೌಸಿಂಗಿನ 40 ಸ್ಯಾಂಪಲ್ ಕಳಿಸಿದ್ದೆವು. ಶುಕ್ರವಾರ ಸಂಜೆ ಮೇಲ್ ಬಂತು. ಎರಡೇ ಸಾಲು. 'ನಾಟ್ ಹಾಫ್ ಬ್ಯಾಡ್, ಲ್ಯಾಡ್ಸ್' ಅಂತ ಒಂದು. ಮುಂದಿನ ಲಾಟ್ ಯಾವಾಗ ಅಂತ ಇನ್ನೊಂದು. ನನ್ನ ಕಣ್ಣಿಗೆ ಬಿದ್ದಿದ್ದು 'ಹಾಫ್' ಮತ್ತು 'ಬ್ಯಾಡ್' ಎರಡೇ. ಅಂದ್ರೆ ಅರ್ಧ ಮಾಲು ಕೆಟ್ಟಿದೆ. 40ರಲ್ಲಿ 20 ರಿಜೆಕ್ಟ್!

ಸೂಪರ್‌ವೈಸರ್ ಕಾಕಾಗೆ ಫೋನ್ ಮಾಡಿದೆ. ಪಾಪ, ಅರ್ಧ ಊಟಕ್ಕೇ ಎದ್ದು ಬಂದರು. ಪ್ಯಾಕ್ ಆಗಿ ನಿಂತಿದ್ದ ಎರಡನೇ ಲಾಟಿನ ಪೆಟ್ಟಿಗೆಗಳ ಮೊಳೆ ಕಿತ್ತು, ಒಂದೊಂದೇ ಪೀಸನ್ನು ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ತಿರುಗಿಸಿ ರಾತ್ರಿ ಎರಡರವರೆಗೆ ಬ್ಲೋ ಹೋಲ್, ಅಂದ್ರೆ ಎರಕದಲ್ಲಿ ಗಾಳಿ ಸಿಕ್ಕಿ ಆಗುವ ತೂತು, ಹುಡುಕಿದೆವು. ಒಂದೂ ಸಿಗಲಿಲ್ಲ. ಕಾಕಾ ಚಷ್ಮಾ ತೆಗೆದು ಕಣ್ಣು ಒರೆಸಿಕೊಂಡು, 'ಅವಂಗ ಕಂಡಿದ್ದು ನಮಗ್ಯಾಕ ಕಾಣವಲ್ದೋ ತಮ್ಮಾ' ಅಂದರು.

ಸೋಮವಾರ ಮ್ಯಾನೇಜರ್ ಸಾಹೇಬರು ಮೇಲ್ ಓದಿ ನಕ್ಕರು ನೋಡಿ, ಕುರ್ಚಿ ಹಿಂದಕ್ಕೆ ಸರಿಯಿತು. ಅದು ಹೊಗಳಿಕೆ ಅಂತೆ!

ಪ್ರಶ್ನೆ ಇಷ್ಟೇ. ಇಂಗ್ಲಿಷಿನವರು ಮಾತಿಗೆ ಜೋರು ಕೊಡೋಕೆ ಬಳಸುವ ಇಂಥವನ್ನು ಗುರುತಿಸೋದು ಹೇಗೆ? ಒಂದೊಂದು ಪದವೂ ಗೊತ್ತು. ಸೇರಿಸಿದರೆ ಅರ್ಥ ಉಲ್ಟಾ.

ಗುಮ್ಮಟದ ಪಿಸುಮಾತು
ಮೊಳೆ ಕಿತ್ತ ಪೆಟ್ಟಿಗೆ ವಾಪಸ್ ಜೋಡಿಸಿದ್ದು ಯಾರು? ಅದನ್ನ ಮೊದಲು ಹೇಳಿ 😄

ಉದ್ಯಮಬಾಗ್ ಹುಡುಗ
ನಾನೇ. ಭಾನುವಾರ. ಓಟಿ (ಓವರ್‌ಟೈಮ್ ದುಡ್ಡು) ಕೂಡ ಸಿಗಲಿಲ್ಲ.

ಮುಧೋಳ ಮಾಸ್ತರ್
ತಮ್ಮಾ, ಬೇಜಾರು ಮಾಡಿಕೋಬೇಡ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಈ 'ನಾಟ್ ಹಾಫ್' ಅನ್ನೋದು ಮೂರು ತಲೆಯ ಹಾವು.

'ನಾಟ್ ಹಾಫ್ ಬ್ಯಾಡ್' ಅಂದರೆ ಸಾಕಷ್ಟು ಚೆನ್ನಾಗಿದೆ ಅಂತ. 'ಹಿ ಡಿಡಂಟ್ ಹಾಫ್ ಶೌಟ್' ಅಂತ ಬ್ರಿಟಿಷರು ಅಂದರೆ ಅರ್ಧವೂ ಕೂಗಲಿಲ್ಲ ಅಂತಲ್ಲ, ಗಂಟಲು ಹರಿಯೋ ಹಾಗೆ ಕೂಗಿದ ಅಂತ. ಆದರೆ 'ನಾಟ್ ಹಾಫ್ ಆ್ಯಸ್ ಗುಡ್' ಅಂದಾಗ ಮಾತ್ರ ನಿಜವಾಗಿಯೂ ಅರ್ಧಕ್ಕೂ ಬರಲಿಲ್ಲ ಅಂತ, ಅಂದರೆ ಬೈಗುಳ. ಪದ ಅವೇ. ಹಿಂದೆಮುಂದೆ ಏನಿದೆ ಅನ್ನೋದರ ಮೇಲೆ ಹೊಗಳಿಕೆಯೋ ತೆಗಳಿಕೆಯೋ ನಿರ್ಧಾರ.

ನಿನ್ನ ಮೇಲ್‌ನಲ್ಲಿ ಸುಳಿವು ಎರಡನೇ ಸಾಲಿನಲ್ಲಿತ್ತು. ಅರ್ಧ ಮಾಲು ಕೆಟ್ಟಿದ್ದರೆ ಅವನು 'ಮುಂದಿನ ಲಾಟ್ ಯಾವಾಗ' ಅಂತ ಕೇಳ್ತಾನಾ? ದುಡ್ಡು ವಾಪಸ್ ಕೇಳ್ತಾನೆ!

ಉದ್ಯಮಬಾಗ್ ಹುಡುಗ
ಅಯ್ಯೋ ಹೌದಲ್ಲ ಸರ್. ಎರಡನೇ ಸಾಲು ಓದೋ ಹೊತ್ತಿಗೆ ನನ್ನ ಎದೆ ಬಾಯಿಗೆ ಬಂದಿತ್ತು.

ಜವಾರಿ ಗೌಡ
ನನಗಂತೂ ಸಿಟ್ಟು ಬರುತ್ತೆ. ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನಬೇಕು. ಕೆಟ್ಟಿದ್ದರೆ ಕೆಟ್ಟಿದೆ ಅನ್ನಬೇಕು. ಇದೆಂಥ ಡೊಂಕು ಭಾಷೆ? ನಮ್ಮ ಕನ್ನಡ ನೋಡಿ, ಇದ್ದದ್ದು ಇದ್ದ ಹಾಗೆ. ಈ ಮಾತನ್ನು ಈ ಗುಂಪಿನಲ್ಲಿ ಸಾವಿರ ಸಲ ಹೇಳಿದ್ದೇನೆ.

ಇಂಡಿ ನಿಂಬಿಕಾಯಿ
ಸಾವಿರ ಸಲನಾ ಗೌಡ್ರೆ? ಎಣಿಸಿದ್ರಾ? ಇದ್ದದ್ದು ಇದ್ದ ಹಾಗೆ ಹೇಳಿ.

ಜವಾರಿ ಗೌಡ
ಅದು ಮಾತಿಗೆ ಅಂದದ್ದು.

ಇಂಡಿ ನಿಂಬಿಕಾಯಿ
ಅವರೂ ಮಾತಿಗೇ ಅಂದದ್ದು 🙏

ಮಂಡ್ಯದಿಂದ ಜಮಖಂಡಿಗೆ
ಗೌಡರೇ, ನಿಮ್ಮ ಕಡೆಯವರು ಡೊಂಕಾಗಿ ಮಾತಾಡಲ್ಲ ಅಂದ್ರಲ್ಲ, ನನ್ನ ಕಥೆ ಕೇಳಿ.

ಮದುವೆಯಾಗಿ ಬಂದ ಮೊದಲ ವರ್ಷ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲೋಕೆ ಹೋಗೋದು ಅಂತ ಮನೆಯಲ್ಲಿ ಗದ್ದಲ. ಅತ್ತೆ ಸಜ್ಜೆ ರೊಟ್ಟಿ ಬಡೀತಾ ಇದ್ದರು. ಶೇಂಗಾ ಹೋಳಿಗೆ ಮಾತ್ರ ನಾನೇ ಮಾಡ್ತೀನಿ ಅಂತ ಹಟ ಹಿಡಿದೆ. ನಾವು ಮಂಡ್ಯದವರು, ಮನೆಯಲ್ಲಿ ಮಾಡೋದು ಬೇಳೆ ಒಬ್ಬಟ್ಟು. ಶೇಂಗಾದ್ದು ಜನ್ಮದಲ್ಲಿ ಮಾಡಿರಲಿಲ್ಲ. ಹುರಿದ ಶೇಂಗಾ ಪುಡಿಗೆ ಬೆಲ್ಲ ಹಿಡಿಯುತ್ತೋ ಇಲ್ಲವೋ ಅನ್ನೋ ಭಯದಲ್ಲಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಮೊದಲಿನ ನಾಲ್ಕು ಹಂಚಿನ ಮೇಲೇ ಬಾಯಿ ಬಿಟ್ಟವು. ಐದನೆಯದರಿಂದ ಸರಿ ಹೋಯ್ತು.

ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತರು. ಮಾವ ಒಂದು ತುಂಡು ಮುರಿದು ಬಾಯಿಗೆ ಹಾಕಿ, ನಿಧಾನಕ್ಕೆ ಅಗಿದು, ಆಕಾಶ ನೋಡಿ ಅಂದರು: 'ಹಾಂ. ಅಡ್ಡಿ ಇಲ್ಲ.'

ಅಷ್ಟೇ. ನನ್ನ ಕಣ್ಣಲ್ಲಿ ನೀರು. ನಮ್ಮ ಕಡೆ 'ಪರವಾಗಿಲ್ಲ' ಅಂದ್ರೆ ಏನೋ ಸುಮಾರಾಗಿದೆ, ತಿನ್ನಬಹುದು ಅಂತ. ಇದೂ ಅದೇ ಅಂದುಕೊಂಡೆ. ಸಂಜೆ ಅಡುಗೆಮನೆಯಲ್ಲಿ ಅಳ್ತಾ ಇದ್ದಾಗ ಅತ್ತೆ ಬಂದು, 'ಯಾಕವಾ? ನಿಮ್ಮ ಮಾವಾರು ಅಡ್ಡಿ ಇಲ್ಲ ಅಂದ್ರಲ್ಲ! ನನಗ ಆ ಮಾತು ಕೇಳಾಕ ಹನ್ನೆರಡು ವರ್ಷ ಬೇಕಾತು' ಅಂದರು. ಆಮೇಲೆ ನೆನಪಾಯ್ತು, ಮಾವ ಆವತ್ತು ಐದು ಹೋಳಿಗೆ ತಿಂದಿದ್ದರು.

ಮುಧೋಳ ಮಾಸ್ತರ್
ಭಲೇ ತಂಗೀ! ಮುಗೀತು. 'ನಾಟ್ ಹಾಫ್ ಬ್ಯಾಡ್'ಗೆ ಇಷ್ಟು ವರ್ಷ ನಾನು ಪಾಠದಲ್ಲಿ ಹೇಳಿದ ಯಾವ ಅರ್ಥವೂ ಇಷ್ಟು ಸರಿ ಇರಲಿಲ್ಲ. ಅಡ್ಡಿ ಇಲ್ಲ!

ಉದ್ಯಮಬಾಗ್ ಹುಡುಗ
ಅಕ್ಕಾ, ಇದನ್ನ ಕಾಕಾಗೆ ಓದಿ ಹೇಳ್ತೀನಿ. ಅವರೂ ಮಾಲು ನೋಡಿ ಅದೇ ಮಾತು ಅನ್ನೋದು. 'ಅಡ್ಡಿ ಇಲ್ಲ, ಕಳಸು' ಅಂತ.

ಗುಮ್ಮಟದ ಪಿಸುಮಾತು
ಶೇಂಗಾ ಹೋಳಿಗೆ ವಿಷಯ ತೆಗೆದು ಹಸಿವು ಮಾಡಿಸಿದ್ರಿ.

ಕರದಂಟು ಕಡಿಯೋನು
ಇಂಗ್ಲಿಷಿನದ್ದು ಬಿಡಿ, ನಾವು ಇಂಗ್ಲಿಷ್ ಬಳಸೋದೇ ಹೆಚ್ಚು ಅಪಾಯ. ನಮ್ಮ ಮನೆಯದ್ದೇ ಉದಾಹರಣೆ. ಅಪ್ಪ ಎರಡು ಎಕರೆ ಹೊಲ ಮಾರುತ್ತೇನೆ ಅಂತ ಕೂತಿದ್ದರು. ಮೊದಲು ತಮಾಷೆ ಅಂದುಕೊಂಡಿದ್ದೆವು. ನನ್ನ ತಮ್ಮ ಬೆಂಗಳೂರಿನಲ್ಲಿ ಓದೋನು, ರಜೆಗೆ ಬಂದಿದ್ದ. ಮನೆ ಮಂದಿಯ ವಾಟ್ಸಾಪ್ ಗುಂಪಿಗೆ 'ಅಪ್ಪ ಡೆಡ್ ಸೀರಿಯಸ್' ಅಂತ ಹಾಕಿ ಮಲಗಿಬಿಟ್ಟ.

ನಮ್ಮಲ್ಲಿ 'ಸೀರಿಯಸ್' ಅಂದರೆ ಒಂದೇ ಅರ್ಥ. ಐಸಿಯು. ಅದರ ಹಿಂದೆ 'ಡೆಡ್' ಬೇರೆ! ಬೆಳಿಗ್ಗೆ ಐದಕ್ಕೆ ಬಾಗಲಕೋಟೆಯಿಂದ ಚಿಕ್ಕಪ್ಪ, ಹುನಗುಂದದಿಂದ ಸೋದರತ್ತೆ, ಇಬ್ಬರೂ ಬಾಗಿಲಲ್ಲಿ. ಅತ್ತೆ ದಾರಿಯುದ್ದಕ್ಕೂ ಅತ್ತು ಧ್ವನಿ ಹೋಗಿತ್ತು. ಅಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತು, 'ಯಾಕ, ಎಲ್ಲಾರೂ ಕೂಡಿ ಬಂದ್ರಿ? ಯಾರಿಗೇನಾತು?' ಅಂತ ಕೇಳಿದರು.

ಅತ್ತೆ ತಮ್ಮನಿಗೆ ಕೊಟ್ಟ ಏಟು ಡೆಡ್ ಸೀರಿಯಸ್ ಆಗಿತ್ತು.

ಇಂಡಿ ನಿಂಬಿಕಾಯಿ
😂😂😂 ಕಡೇ ಸಾಲು!

ತಾಳಿಕೋಟಿ ತಂಗಾಳಿ
ಹೊಲ ಮಾರಿದ್ರಾ?

ಕರದಂಟು ಕಡಿಯೋನು
ಇಲ್ಲ. ಎಲ್ಲರೂ ಬಂದಿದ್ದರಲ್ಲ, ಕೂತು ಮಾತಾಡಿ ಬಿಡಿಸಿದರು. ಹಾಗೆ ನೋಡಿದರೆ ಆ ಮೆಸೇಜಿನಿಂದ ಉಪಕಾರವೇ ಆಯ್ತು.

ಮುಧೋಳ ಮಾಸ್ತರ್
ಈ 'ಡೆಡ್'ಗೆ ಸಾವಿನ ಸಂಬಂಧ ಹರಿದು ಎಷ್ಟೋ ಕಾಲವಾಯಿತು. 'ಪೂರ್ತಿ', 'ಒಂದಿಷ್ಟೂ ಬಾಕಿ ಇಲ್ಲದೆ' ಅನ್ನೋ ಅರ್ಥ. ಡೆಡ್ ಟಯರ್ಡ್, ಡೆಡ್ ರೈಟ್, ಡೆಡ್ ಸ್ಲೋ. ಇಂಥ ಜೋಡಿಗಳು ಇಂಗ್ಲಿಷಿನಲ್ಲಿ ರಾಶಿ ಇವೆ. 'ಪಿಚ್ ಡಾರ್ಕ್'ನ ಪಿಚ್ ಅಂದರೆ ಡಾಂಬರಿನಂಥ ಕಪ್ಪು ಅಂಟು. 'ಫಾಸ್ಟ್ ಅಸ್ಲೀಪ್'ನ ಫಾಸ್ಟ್‌ಗೆ ವೇಗ ಅಂತಲ್ಲ, ಗಟ್ಟಿ ಅಂತ ಹಳೇ ಅರ್ಥ. ಗಾಢ ನಿದ್ದೆ.

ಗುಮ್ಮಟದ ಪಿಸುಮಾತು
ನಾನು ಇಷ್ಟು ದಿನ ಕ್ರಿಕೆಟ್ ಪಿಚ್ ಅಂದುಕೊಂಡಿದ್ದೆ. ರಾತ್ರಿ ಲೈಟ್ ಹೋದರೆ ಪಿಚ್ ಡಾರ್ಕ್ ಅಲ್ವಾ, ಸರಿಯಾಗೇ ಇದೆ ಅನಿಸಿತ್ತು.

ಮುಧೋಳ ಮಾಸ್ತರ್
ಉದ್ಯಮಬಾಗಿನ ತಮ್ಮನಿಗೆ ಒಂದು ವಿಶೇಷ ಹೇಳ್ತೀನಿ. 'ಬ್ರ್ಯಾಂಡ್ ನ್ಯೂ' ಇದೆಯಲ್ಲ, ಅದರ 'ಬ್ರ್ಯಾಂಡ್'ಗೂ ಕಂಪನಿ ಬ್ರ್ಯಾಂಡಿಗೂ ನೇರ ಸಂಬಂಧ ಇಲ್ಲ. ಬ್ರ್ಯಾಂಡ್ ಅಂದರೆ ಉರಿಯುವ ಕೊಳ್ಳಿ. ಬೆಂಕಿಯಿಂದ ಆಗಷ್ಟೇ ತೆಗೆದದ್ದು ಅಂತ. ಶೇಕ್ಸ್‌ಪಿಯರ್ ಇದನ್ನೇ 'ಫೈರ್ ನ್ಯೂ' ಅಂತ ಬರೆದಿದ್ದಾನೆ.

ಉದ್ಯಮಬಾಗ್ ಹುಡುಗ
ಸರ್! ಇದು ನಮ್ಮದೇ ಮಾತು ಹಾಗಾದ್ರೆ. ಮೋಲ್ಡ್ ಒಡೆದಾಗ ಕಪ್ಪು ಮರಳಿನೊಳಗಿಂದ ಕಾಸ್ಟಿಂಗ್ (ಎರಕದ ಪೀಸು) ಹೊರಗೆ ಬರುತ್ತಲ್ಲ, ನೋಡೋಕೆ ಆರಿದ ಹಾಗೆ ಕಾಣುತ್ತೆ. ಹತ್ತಿರ ಹೋದರೆ ಮುಖಕ್ಕೆ ಝಳ ಬಡಿಯುತ್ತೆ. ಹೊಸ ಹುಡುಗರು ಯಾಮಾರಿ ಮುಟ್ಟೋದು ಅಲ್ಲೇ. ನಿಜವಾದ ಬ್ರ್ಯಾಂಡ್ ನ್ಯೂ!

ಇಳಕಲ್ ಸೆರಗು
ಕನ್ನಡದಲ್ಲಿ ಹೊಚ್ಚ ಹೊಸ. ಹಚ್ಚ ಹಸಿರು, ನಟ್ಟನಡು, ಕಟ್ಟಕಡೆ, ಬಟ್ಟಬಯಲು. ನಾವು ಪದವನ್ನೇ ಒತ್ತಿ ಎರಡು ಸಲ ಬಡೀತೀವಿ, ಅವರು ಹೊರಗಿಂದ ಒಂದು ಪದ ತಂದು ಅಂಟಿಸ್ತಾರೆ.

ಇಂಡಿ ನಿಂಬಿಕಾಯಿ
ನಮ್ಮದು ಗೋಳಗುಮ್ಮಟ ಪದ್ಧತಿ. ಒಮ್ಮೆ ಅಂದದ್ದು ಮತ್ತೆ ಮತ್ತೆ ಕೇಳಬೇಕು. 'ಬಿಸಿ ಬಿಸಿ', 'ಸಣ್ಣ ಸಣ್ಣ', 'ಓಡಿ ಓಡಿ'.

ಬಾದಾಮಿ ಬಂಡೆ
ಎಲ್ಲಾ ಸರಿ. ಆದರೆ ಈಗಿನ ಹುಡುಗರು 'ಲಿಟರಲಿ' ಅನ್ನೋದನ್ನ ಯಾರಾದರೂ ನಿಲ್ಲಿಸಿ. ನನ್ನ ಮಗಳು 'ಲಿಟರಲಿ ಸತ್ತೇ ಹೋದೆ' ಅಂತಾಳೆ. ಸತ್ತವಳು ಎರಡು ಪ್ಲೇಟ್ ಗಿರಮಿಟ್ ಹೇಗೆ ತಿನ್ನುತ್ತಾಳೆ? ಲಿಟರಲಿ ಅಂದರೆ ಇದ್ದದ್ದು ಇದ್ದ ಹಾಗೆ. ಅದನ್ನೂ ಕೆಡಿಸಿದರೆ ನಿಜ ಹೇಳೋಕೆ ಯಾವ ಪದ ಉಳೀತು? ಇದು ಶುದ್ಧ ತಪ್ಪು, ಈ ಮೊಬೈಲ್ ಕಾಲದ ರೋಗ.

ಇಳಕಲ್ ಸೆರಗು
ತಪ್ಪೋ ಸರಿಯೋ, ಮೊಬೈಲ್ ಕಾಲದ್ದಂತೂ ಅಲ್ಲ ಸರ್. ಚಾರ್ಲ್ಸ್ ಡಿಕನ್ಸ್ 1839ರಲ್ಲಿ ಮುಗಿಸಿದ ಕಾದಂಬರಿಯಲ್ಲೇ ಒಬ್ಬನ ಮೈಕೈ 'ಲಿಟರಲಿ' ಮೂಳೆಯವರೆಗೆ ಸವೆದಿತ್ತು ಅಂತ ಇದೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ಈ ಉತ್ಪ್ರೇಕ್ಷೆಯ ಅರ್ಥವನ್ನು 1909ರಲ್ಲೇ ಸೇರಿಸಿಕೊಂಡಿದೆ.

ಬಾದಾಮಿ ಬಂಡೆ
ನಿಘಂಟಿನಲ್ಲಿದ್ದ ಮಾತ್ರಕ್ಕೆ ಸರಿಯಾಗುತ್ತಾ? ನಿಘಂಟಿನಲ್ಲಿ ಕಳ್ಳತನ ಅನ್ನೋ ಪದವೂ ಇದೆ. ಕನ್ನಡದಲ್ಲಿ ಇಂಥ ಅನಾಚಾರ ಇಲ್ಲ.

ತಾಳಿಕೋಟಿ ತಂಗಾಳಿ
ಸರ್, ನಿನ್ನೆ ರಾತ್ರಿ ಟಿವಿಯಲ್ಲಿ 'ಸಭೆ ಅಕ್ಷರಶಃ ರಣರಂಗವಾಯಿತು' ಅಂದರು. ಆನೆ ಕುದುರೆ ಯಾವುದೂ ಕಾಣಲಿಲ್ಲ.

ಬಾದಾಮಿ ಬಂಡೆ
...ಅದೂ ತಪ್ಪೇ. ಎರಡನ್ನೂ ನಿಲ್ಲಿಸಬೇಕು.

ಇಳಕಲ್ ಸೆರಗು
ಹಾಗಾದರೆ 'ವಿಪರೀತ ಮಳೆ' ಅನ್ನೋದನ್ನೂ ನಿಲ್ಲಿಸಿ. ಸಂಸ್ಕೃತದಲ್ಲಿ ವಿಪರೀತ ಅಂದ್ರೆ ತಿರುವುಮುರುವು. ಮಳೆ ಭೂಮಿಯಿಂದ ಮೇಲಕ್ಕೆ ಹೋಯ್ತಾ? 'ಭಯಂಕರ ಚಲೋ ಐತಿ' ಅಂತೀವಿ, ಹೆದರಿಕೆ ಆಗುತ್ತಾ? ಇಂಗ್ಲಿಷಿನ ಟೆರಿಬ್ಲಿ, ಆಫುಲಿ ಎರಡೂ ಹೀಗೇ, ಒಂದು ಕಾಲಕ್ಕೆ ಹೆದರಿಸುತ್ತಿದ್ದ ಪದಗಳು, ಈಗ ಬರೀ 'ಭಾಳ' ಅಂತ. 'ಇನ್‌ಸೇನ್ಲಿ ಗುಡ್' ಅಂದರೆ ನಗ್ತೀವಿ, 'ಹುಚ್ಚಾಪಟ್ಟೆ' ಅನ್ನುವಾಗ ಯಾವ ಹುಚ್ಚನೂ ನೆನಪಾಗಲ್ಲ. ಬಳಸಿ ಬಳಸಿ ಪದದ ಹೊಟ್ಟೆಯೊಳಗಿನ ಅರ್ಥ ಸವೆದುಹೋಗಿ ಜೋರು ಮಾತ್ರ ಉಳಿದಿರುತ್ತೆ. ಅದಕ್ಕೇ ನಿಘಂಟು ತೆಗೆದು ಪದ ಬಿಡಿಸಿ ನೋಡಿದರೆ ಎಡವೋದು.

ಗಿರಮಿಟ್ ವಿಷಯದಲ್ಲಿ ಮಗಳದ್ದು ತಪ್ಪಿಲ್ಲ ಬಿಡಿ.

ಗೋಕಾಕ್ ಧುಮ್ಮಿಕ್ಕು
ಬೆಳಗಾವಿಯಲ್ಲಿ ಇಂಗ್ಲಿಷ್ ಯಾಕೆ ಬೇಕು, 'ಏಕದಮ್', 'ಲಯ್ ಭಾರಿ' ಎರಡು ಸಾಕು. ಕನ್ನಡ, ಮರಾಠಿ ಎರಡೂ ನಡೆಯುತ್ತೆ. ಕಾಗವಾಡದ ಸಭೆಯಲ್ಲಿ 2019ರಲ್ಲಿ ಒಬ್ಬರು ಕೂಗಿದ 'ಹೌದ್ದೋ ಹುಲಿಯಾ' ಇಡೀ ರಾಜ್ಯಕ್ಕೆ ಹಬ್ಬಿತು. ಅದನ್ನ ಇಂಗ್ಲಿಷಿಗೆ ಮಾಡಿ ನೋಡೋಣ. 'ಯೆಸ್ ಟೈಗರ್' ಅಂದ್ರೆ ಸರ್ಕಸ್ಸಿನಲ್ಲಿ ಹುಲಿಯನ್ನ ಕರೆದ ಹಾಗೆ.

ಮುಧೋಳ ಮಾಸ್ತರ್
'ಯೂ ಬೆಟ್' ಹತ್ತಿರ ಬರುತ್ತೆ. ಆದರೆ ಹುಲಿ ಇಲ್ಲ, ಸಪ್ಪೆ.

ಬಿಸಿಲೂರ ಹುಡುಗಿ
ನಾನು ವಿಜಯಪುರದವಳು. ಮುಂಚೆ ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿದ್ದೆ. ಅಮೆರಿಕದ ಗಿರಾಕಿಗಳು. ಕಂಪ್ಯೂಟರ್ ನಿಧಾನ ಇತ್ತು, ಸುಮ್ನೆ ಇರಬಾರದು ಅಂತ 'ಬೇಸಿಗೆ ಅಂದ್ರೆ ಕಷ್ಟ ಅಲ್ವಾ ಸರ್' ಅಂತ ಏನೋ ಅಂದೆ. ಆ ಕಡೆಯಿಂದ ನಿಟ್ಟುಸಿರು ಬಿಟ್ಟು 'ಟೆಲ್ ಮಿ ಅಬೌಟ್ ಇಟ್' ಅಂದ.

ಕೇಳಿದ್ದಾನೆ, ಹೇಳಬೇಕಲ್ಲ? ಶುರು ಮಾಡಿದೆ. ನಮ್ಮೂರು ಬಿಜಾಪುರ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ, ಮಾಳಿಗೆ ಮೇಲೆ ಮಲಗ್ತೀವಿ, ಹರವಿಗೆ ಒದ್ದೆ ಬಟ್ಟೆ ಸುತ್ತಿಡ್ತೀವಿ... ಎರಡು ನಿಮಿಷ ಹೇಳಿದೆ. ಅವನು ಪಾಪ ಒಳ್ಳೆಯವನು, ಪೂರ್ತಿ ಕೇಳಿದ. ಆಮೇಲೆ ಟೀಮ್ ಲೀಡರ್ ರೆಕಾರ್ಡಿಂಗ್ ಹಾಕಿ ಎಲ್ಲರ ಎದುರಿಗೆ ವಿವರಿಸಿದರು: ಅದು 'ನನಗೂ ಗೊತ್ತು, ನಂದೂ ಅದೇ ಕಥೆ' ಅಂತ.

ಮಂಡ್ಯದಿಂದ ಜಮಖಂಡಿಗೆ
ಅಯ್ಯೋ ತಂಗಿ, ಇದು ನಮ್ಮ 'ಕೇಳಬೇಡ ಮಾರಾಯ್ತಿ' ಅಲ್ವಾ? ಅವರು 'ಹೇಳು' ಅಂತಾರೆ, ನಾವು 'ಕೇಳಬೇಡ' ಅಂತೀವಿ. ಅರ್ಥ ಒಂದೇ. ಮತ್ತೆ ನಾವು ಕೇಳಬೇಡ ಅಂದ ಮೇಲೆ ಅರ್ಧ ಗಂಟೆ ಹೇಳ್ತೀವಿ.

ಬಿಸಿಲೂರ ಹುಡುಗಿ
ಅಕ್ಕಾ ಇದು ಆವತ್ತು ಹೊಳೆದಿದ್ದರೆ ಮಾನ ಉಳೀತಿತ್ತು 😭

ಇನ್ನೊಂದು ಇದೆ. ಅದೇ ಆಫೀಸಿನಲ್ಲಿ ನನ್ನ ನಿಶ್ಚಿತಾರ್ಥ ಆಯ್ತು ಅಂದಾಗ ಪಕ್ಕದವಳು 'ಶಟ್ ಅಪ್!' ಅಂತ ಕಿರುಚಿದಳು. ಎರಡು ದಿನ ಮಾತು ಬಿಟ್ಟಿದ್ದೆ.

ಇಂಡಿ ನಿಂಬಿಕಾಯಿ
'ಏ ಹೋಗ!' ಅಂತ ಅವಳ ಭಾಷೆಯಲ್ಲಿ ಅಂದಿದ್ದಾಳೆ ಪಾಪ. ನೀವೂ 'ಏ ಹೋಗ' ಅಂದಾಗ ಎದ್ದು ಹೋಗ್ತಾರಾ ಯಾರಾದರೂ?

ಜವಾರಿ ಗೌಡ
ನಾನು ಬರೀ ಒಂದು ಕೇಳ್ತೀನಿ. 'ಬ್ಲಡಿ' ಬಳಸಬಹುದಾ? ನಮ್ಮ ಹಳೇ ಸಾಹೇಬರು ಮಾತೆತ್ತಿದರೆ ಬ್ಲಡಿ ಅನ್ನೋರು. ಗತ್ತು ಇರ್ತಿತ್ತು.

ಮುಧೋಳ ಮಾಸ್ತರ್
ಬೇಡ ಗೌಡರೇ. 1914ರಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಷಾ ಅವರ ನಾಟಕವೊಂದರಲ್ಲಿ ನಾಯಕಿ ರಂಗದ ಮೇಲೆ ಆ ಪದ ಆಡಿದ್ದೇ ದೊಡ್ಡ ಗದ್ದಲವಾಗಿತ್ತು. ಈಗ ಅಲ್ಲಿ ಅಷ್ಟು ಬಿರುಸಿಲ್ಲ, ಆಸ್ಟ್ರೇಲಿಯಾದಲ್ಲಂತೂ ಮಾತುಮಾತಿಗೆ ಬರುತ್ತೆ. ಆದರೆ ಅವರು ಅಂದಾಗ ಸಲುಗೆ, ನಾವು ಅಂದಾಗ ಬೈಗುಳ. ನಮ್ಮ 'ಲೇ ಮಗನ' ಇದ್ದ ಹಾಗೆ. ಅದನ್ನ ಗೆಳೆಯ ಅನ್ನಬಹುದು, ಬ್ಯಾಂಕ್ ಮ್ಯಾನೇಜರ್‌ಗೆ ನೀವು ಅನ್ನಬಾರದು. 'ಹೆಲ್' ಸೇರಿದ ಮಾತುಗಳೂ ಅಷ್ಟೇ, ಕೇಳಿ ಅರ್ಥ ಮಾಡಿಕೊಳ್ಳೋಕೆ ಮಾತ್ರ, ಮೇಲ್‌ನಲ್ಲಿ ಬರೆಯೋಕೆ ಅಲ್ಲ.

ಇನ್ನೊಂದು, ಕೆಲಸಕ್ಕೆ ಬರೋ ಮಾತು. 'ಕ್ವೈಟ್ ಗುಡ್' ಅಂತ ಅಮೆರಿಕದವನು ಬರೆದರೆ ಖುಷಿಪಡು. ಇಂಗ್ಲೆಂಡಿನವನು ಅದನ್ನೇ ಬರೆದರೆ ಸ್ವಲ್ಪ ಯೋಚಿಸು. ಅಲ್ಲಿ ಎಷ್ಟೋ ಸಲ ಅದು ಮಂಡ್ಯದ 'ಪರವಾಗಿಲ್ಲ'.

ಉದ್ಯಮಬಾಗ್ ಹುಡುಗ
ಅಯ್ಯೋ! ಜನವರಿಯಲ್ಲಿ ಅವನೇ 'ಕ್ವೈಟ್ ಗುಡ್' ಅಂತ ಬರೆದಿದ್ದ. ನಾವು ಪೇಢಾ ಹಂಚಿದ್ದೆವು.

ಗುಮ್ಮಟದ ಪಿಸುಮಾತು
ಹೊಗಳಿದಾಗ ಪೆಟ್ಟಿಗೆ ಒಡೆದ್ರಿ, ಸುಮಾರು ಅಂದಾಗ ಪೇಢಾ ಹಂಚಿದ್ರಿ. ಫೌಂಡ್ರಿ ಅಡ್ಡಿ ಇಲ್ಲ 👍

ಗೋಕಾಕ್ ಧುಮ್ಮಿಕ್ಕು
ಬೆಳಗಾವಿಯಲ್ಲಿದ್ದು ಕುಂದಾ ಬಿಟ್ಟು ಪೇಢಾ ಯಾಕೆ ಹಂಚಿದ್ರಿ? ಅಸಲಿ ತಪ್ಪು ಅಲ್ಲಿದೆ.

ಕರದಂಟು ಕಡಿಯೋನು
ಕುಂದಾನೂ ಬೇಡ, ಪೇಢಾನೂ ಬೇಡ. ನನ್ನ ಹೆಸರು ನೋಡಿ.

ಉದ್ಯಮಬಾಗ್ ಹುಡುಗ
ತಡವಾಗಿ ಬರೀತಿದ್ದೇನೆ, ಶಿಫ್ಟ್ ಈಗ ಮುಗೀತು. ಎರಡನೇ ಲಾಟ್ ಇವತ್ತು ಹೊರಟಿತು. ಮಾಸ್ತರ್ ಹೇಳಿದ್ದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದು ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ಅಂಟಿಸಿದ್ದೇನೆ. ಕಾಕಾ ಅದನ್ನ ಓದಿಸಿಕೊಂಡು, 'ಅವರೂ ನಮ್ಮಂಥವರ ಆದರು ಹಂಗಾರ' ಅಂದರು. ಮತ್ತೆ ಭಾನುವಾರದ ಓಟಿ ಬರೆಸಿದ್ದಾರಂತೆ.

ಇಳಕಲ್ ಸೆರಗು
ಹೌದ್ದೋ ಹುಲಿಯಾ!

ತಾಳಿಕೋಟಿ ತಂಗಾಳಿ
ಜಮಖಂಡಿ ಅಕ್ಕಾ, ಶೇಂಗಾ ಹೋಳಿಗೆ ಹಂಚಿನ ಮೇಲೆ ಬಾಯಿ ಬಿಡಬಾರದು ಅಂದ್ರೆ ಏನು ಮಾಡಬೇಕು? ನನ್ನವು ಬಿಡ್ತಾವೆ.

ಮಂಡ್ಯದಿಂದ ಜಮಖಂಡಿಗೆ
ಹೂರಣ ಕಡಿಮೆ ತುಂಬಿ, ಅಂಚನ್ನು ತೆಳ್ಳಗೆ ಲಟ್ಟಿಸಬೇಡಿ. ಶೇಂಗಾ ಪುಡಿ ತರಿತರಿ ಇದ್ದರೂ ಕಣಕ ಹರಿಯುತ್ತೆ, ಸಣ್ಣಗೆ ಮಾಡಿಕೊಳ್ಳಿ. ಮೊದಲ ನಾಲ್ಕು ಮಾತ್ರ ಅಡುಗೆಮನೆಯಲ್ಲೇ ನೀವೇ ತಿಂದುಬಿಡಿ.